ಒಡೆದ ಮಡಕೆ, ಮುಳುಗಿದ ದೋಣಿ: ಚೀನೀ ಭಾಷೆಯ ಯುದ್ಧದ ಮಾತುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ಚೀನೀ ಭಾಷೆಯನ್ನು ನಿಧಾನಕ್ಕೆ ಕಲಿಯುತ್ತಿದ್ದೇನೆ. ಮನೆಗೆ ಬಂದವರು, ಆಫೀಸಿನವರು, ಹೊಸದಾಗಿ ಕಲಿಯಲು ಹೊರಟ ಹುಡುಗರು ಏನೇನೋ ಕೇಳುತ್ತಾರೆ. ಅದರಲ್ಲಿ ಅರ್ಧ ಪ್ರಶ್ನೆಗಳು ಯುದ್ಧದ ಮಾತುಗಳ ಸುತ್ತಲೇ ಇರುತ್ತವೆ. ಹೇಳಿದ್ದನ್ನೇ ಹೇಳಿ ಸಾಕಾಗಿ, ಒಂದು ಕಡೆ ಬರೆದಿಟ್ಟಿದ್ದೇನೆ.

ಚೀನೀ ಮಾತಿನಲ್ಲಿ ಇಷ್ಟೊಂದು ಯುದ್ಧ ಯಾಕೆ?

ಮೊದಲು ನಮ್ಮ ಮಾತನ್ನೇ ನೋಡೋಣ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಅದು ಚಕ್ರವ್ಯೂಹ. ಅಣ್ಣತಮ್ಮಂದಿರು ಆಸ್ತಿಗೆ ಕಿತ್ತಾಡಿದರೆ ಕುರುಕ್ಷೇತ್ರ. ಮನೆಯೊಳಗೆ ಮಾತ್ರ ಮೀಸೆ ತಿರುವುವವನು ಉತ್ತರಕುಮಾರ. ಇವೆಲ್ಲ ಮಹಾಭಾರತದ ಮಾತು. ಆದರೆ ನಮಗೆ ಯುದ್ಧದ ಮಾತು ಅನ್ನಿಸುವುದೇ ಇಲ್ಲ, ಅಲ್ವಾ?

ನಮಗೆ ಮಹಾಭಾರತ ಮಾಡಿಕೊಡುವ ಕೆಲಸವನ್ನು ಚೀನೀಯರಿಗೆ ಅವರ ಇತಿಹಾಸವೇ ಮಾಡಿಕೊಡುತ್ತದೆ. ಅದರಲ್ಲೂ ಮೂರು ಕಾಲ ಮುಖ್ಯ. ಏಳು ರಾಜ್ಯಗಳು ಒಂದನ್ನೊಂದು ತಿನ್ನಲು ಹೊರಟ ಕಾಲ (ಕ್ರಿ.ಪೂ. 475ರಿಂದ 221). ಚು ಮತ್ತು ಹಾನ್ ಕಡೆಯವರ ನಾಲ್ಕೈದು ವರ್ಷದ ಜಗಳ (ಕ್ರಿ.ಪೂ. 206ರಿಂದ 202). ಆಮೇಲೆ ಮೂರು ರಾಜ್ಯಗಳ ಕಾಲ (ಕ್ರಿ.ಶ. 220ರಿಂದ 280). ಮೊದಲ ಎರಡರ ಕಥೆಗಳನ್ನು ನಮಗೆ ಉಳಿಸಿಕೊಟ್ಟವರಲ್ಲಿ ದೊಡ್ಡವನು ಹಾನ್ ಅರಸರ ಕಾಲದ ಇತಿಹಾಸಕಾರ ಸಿಮಾ ಚ್ಯೆನ್.

ಕಲಿಯುತ್ತಾ ಹೋದಂತೆ ನನಗೆ ಒಂದು ವಿಷಯ ವಿಚಿತ್ರ ಅನ್ನಿಸಿತು. ಈ ಯುದ್ಧದ ಮಾತುಗಳಲ್ಲಿ ಕತ್ತಿ ಕಾಣುವುದು ಬಹಳ ಕಡಿಮೆ. ಮಡಕೆ, ದೋಣಿ, ಹಾಡು, ನಗಾರಿ, ಹುಲ್ಲು, ಹುಳಿ ಹಣ್ಣು, ಕಾಗದ, ಇವೇ ಜಾಸ್ತಿ. ಯಾರು ಯಾರನ್ನು ಕಡಿದರು ಅನ್ನುವುದು ಮಾತಿನಲ್ಲಿ ನಿಂತಿಲ್ಲ. ಕಡಿಯುವ ಮೊದಲು ಜನರ ತಲೆಯಲ್ಲಿ ಏನು ಓಡಿತು ಅನ್ನುವುದು ನಿಂತಿದೆ.

ಚೆಂಗ್‌ಯು ಅಂದರೆ ಗಾದೆಯಾ?

ಗಾದೆಯ ದಾಯಾದಿ ಅನ್ನಬಹುದು. ಹೆಚ್ಚಿನವು ನಾಲ್ಕೇ ಅಕ್ಷರ, ಅಂದರೆ ನಾಲ್ಕೇ ಉಚ್ಚಾರ. ನಮ್ಮ ಗಾದೆ ತನ್ನ ಅರ್ಥವನ್ನು ತಾನೇ ಹೇಳಿಬಿಡುತ್ತದೆ. ಚೆಂಗ್‌ಯು ಹಾಗಲ್ಲ, ಅದು ಕಥೆಯ ಬೀಗದ ಕೈ ಇದ್ದಂತೆ. ಕಥೆ ಗೊತ್ತಿಲ್ಲದವನಿಗೆ ‘ನಾಲ್ಕು ಕಡೆ ಚು ಹಾಡು’ ಅಂದರೆ ಸಂಗೀತ ಕಛೇರಿ ಇರಬೇಕು ಅನ್ನಿಸುತ್ತದೆ. ನಾನಂತೂ ಹಾಗೇ ಅಂದುಕೊಂಡಿದ್ದೆ.

ಕನ್ನಡದಲ್ಲಿ ಬರೆದದ್ದನ್ನು ಹಾಗೇ ಓದಿದರೆ ಚೀನೀಯರಿಗೆ ಅರ್ಥ ಆಗುತ್ತಾ?

ಕಷ್ಟ. ಚೀನೀ ಮಾತಿನಲ್ಲಿ ನಾಲ್ಕು ಸ್ವರದ ಏರಿಳಿತ ಇದೆ, ಅದು ನಮ್ಮ ಲಿಪಿಯಲ್ಲಿ ಬರುವುದಿಲ್ಲ. ಆದರೆ ಇನ್ನೊಂದು ವಿಷಯದಲ್ಲಿ ಕನ್ನಡದವರಿಗೆ ಅನುಕೂಲ ಇದೆ. ಪತ್ರಿಕೆಯವರು ಬರೆಯುವ ಹಾಗೆ ನಾನು ಇಲ್ಲಿ ‘ಬ’, ‘ದ’, ‘ಗ’ ಅಂತ ಬರೆದಿದ್ದೇನೆ. ನಿಜವಾಗಿ ಅವು ನಮ್ಮ ‘ಪ’, ‘ತ’, ‘ಕ’ ಹತ್ತಿರದ ಸದ್ದು. ನಾನು ‘ಪ’, ‘ತ’, ‘ಕ’ ಅಂತ ಬರೆದದ್ದು ಉಸಿರು ಬಿಟ್ಟು ಹೇಳುವ ಮಹಾಪ್ರಾಣ. ಶಾಲೆಯಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಅಂತ ಮೇಷ್ಟ್ರು ಹೇಳಿಕೊಟ್ಟದ್ದು ಇಲ್ಲಿ ಕೆಲಸಕ್ಕೆ ಬಂತು.

ಎಲ್ಲರೂ ಹೇಳುವ ಆ ಮಡಕೆ ಮತ್ತು ದೋಣಿಯ ಕಥೆ ಏನು?

ಪೊ ಫು ಚೆನ್ ಜೋ. ‘ಮಡಕೆ ಒಡೆ, ದೋಣಿ ಮುಳುಗಿಸು’ ಅಂತ ಅರ್ಥ.

ಕ್ರಿ.ಪೂ. 207. ಚಿನ್ ಸಾಮ್ರಾಜ್ಯದ ಸೈನ್ಯ ಜೂಲು ಅನ್ನುವ ಊರನ್ನು ಮುತ್ತಿಗೆ ಹಾಕಿತ್ತು. ಬಿಡಿಸಲು ಹೋದ ಚು ಸೈನ್ಯದ ಮುಖಂಡ ಷಿಯಾಂಗ್ ಯು. ಇನ್ನೂ ಇಪ್ಪತ್ತರ ಹರೆಯದ ಹುಡುಗ, ಮಹಾ ಮುಂಗೋಪಿ. ಸುಮ್ನೆ ಕಾಯುತ್ತಾ ಕುಳಿತಿದ್ದ ಮೇಲಧಿಕಾರಿಯನ್ನೇ ಕೊಂದು ಸೈನ್ಯವನ್ನು ಕೈಗೆ ತೆಗೆದುಕೊಂಡಿದ್ದ. ನದಿ ದಾಟಿದ ಮೇಲೆ ಬಂದ ದೋಣಿಗಳನ್ನೆಲ್ಲ ಮುಳುಗಿಸಿದ. ಅಡುಗೆ ಮಡಕೆಗಳನ್ನು ಒಡೆಸಿದ. ಬಿಡಾರಗಳಿಗೆ ಬೆಂಕಿ ಇಟ್ಟ. ಒಬ್ಬೊಬ್ಬನ ಕೈಗೆ ಮೂರು ದಿನದ ಬುತ್ತಿ ಕೊಟ್ಟ. ಅಷ್ಟೇ. ಹಿಂದೆ ಹೋಗಲು ದೋಣಿ ಇಲ್ಲ, ನಾಲ್ಕನೇ ದಿನ ಬೇಯಿಸಲು ಮಡಕೆ ಇಲ್ಲ. ಅವನ ಜನ ಗೆದ್ದರು.

ದೋಣಿ ಮುಳುಗಿಸಿದ ಕಥೆ ಬೇರೆ ದೇಶಗಳಲ್ಲೂ ಇದೆ. ಆ ಮಡಕೆ ಮಾತ್ರ ನನಗೆ ತುಂಬಾ ಇಷ್ಟ. ಸೈನಿಕನಿಗೆ ಸೋಲು ಗೆಲುವಿಗಿಂತ ಮೊದಲು ನಾಳೆಯ ಊಟದ ಚಿಂತೆ. ಅದು ಗೊತ್ತಿದ್ದವನೇ ಮಡಕೆಗೆ ಕೈ ಹಾಕಲು ಸಾಧ್ಯ.

ಇವತ್ತು ಕೆಲಸ ಬಿಟ್ಟು ಅಂಗಡಿ ತೆರೆಯುವವನೂ, ಮನೆ ಮಾರಿ ಮಗನನ್ನು ಓದಿಸುವವನೂ ಇದೇ ಮಾತು ಹೇಳುತ್ತಾನೆ. ನಮ್ಮ ‘ಮಾಡು ಇಲ್ಲವೇ ಮಡಿ’ ಹತ್ತಿರ ಬರುತ್ತದೆ. ಆದರೆ ನಮ್ಮದು ಘೋಷಣೆ, ಅವರದು ಮಾಡಿಬಿಟ್ಟ ಕೆಲಸ.

‘ಬೇ ಶ್ವೇ ಯಿ ಜಾನ್’ ಅಂದರೂ ಅದೇ ಅಲ್ವಾ?

ನಿಘಂಟಿನಲ್ಲಿ ಹೆಚ್ಚು ಕಡಿಮೆ ಅದೇ. ಕಥೆಯಲ್ಲಿ ಅಲ್ಲವೇ ಅಲ್ಲ. ‘ನೀರಿಗೆ ಬೆನ್ನು ಕೊಟ್ಟು ಒಂದು ಯುದ್ಧ’ ಅಂತ ಇದರ ಅರ್ಥ. ಹಾನ್ ಕಡೆಯ ಸೇನಾಪತಿ ಹಾನ್ ಶಿನ್, ಜಿಂಗ್‌ಶಿಂಗ್ ಕಣಿವೆಯ ಹತ್ತಿರ 10,000 ಜನರನ್ನು ನದಿಗೆ ಬೆನ್ನು ಮಾಡಿ ನಿಲ್ಲಿಸಿದ. ಎದುರಿಗಿದ್ದ ಜಾವ್ ಸೈನಿಕರು ನೋಡಿ ನಕ್ಕರು. ಯುದ್ಧದ ಶಾಸ್ತ್ರ ಬಲ್ಲವರು ಯಾರೂ ಹಾಗೆ ನಿಲ್ಲುವುದಿಲ್ಲ.

ನಕ್ಕವರು ಒಂದನ್ನು ನೋಡಲಿಲ್ಲ. ಹಿಂದಿನ ರಾತ್ರಿಯೇ ಹಾನ್ ಶಿನ್ 2,000 ಕುದುರೆ ಸವಾರರನ್ನು, ಒಬ್ಬೊಬ್ಬನ ಕೈಗೆ ಒಂದು ಕೆಂಪು ಬಾವುಟ ಕೊಟ್ಟು, ಗುಡ್ಡದ ಮರೆಗೆ ಕಳಿಸಿದ್ದ. ಜಾವ್ ಸೈನ್ಯ ನದಿ ಕಡೆ ನುಗ್ಗಿದ ಕೂಡಲೇ ಅವರು ಖಾಲಿ ಬಿಡಾರಕ್ಕೆ ಹೊಕ್ಕು ತಮ್ಮ ಬಾವುಟ ನೆಟ್ಟರು. ನದಿ ದಡದವರು ಸಾವಿಗೆ ಹೆದರಿ ಜಗ್ಗದೆ ಹೋರಾಡಿದರು. ಜಾವ್ ಸೈನಿಕರು ವಾಪಸ್ ತಿರುಗಿ ನೋಡಿದರೆ ಬಿಡಾರದ ತುಂಬ ಕೆಂಪು. ಅಲ್ಲಿಗೆ ಕಾಲ್ಕಿತ್ತರು.

ಫುಟ್‌ಬಾಲ್ ತಂಡ ಕೊನೆಯ ಮ್ಯಾಚ್ ಗೆಲ್ಲಲೇಬೇಕಾದಾಗ ಪತ್ರಿಕೆಗಳು ಈ ಮಾತು ಬಳಸುತ್ತವೆ. ಆ 2,000 ಸವಾರರನ್ನು ಮಾತ್ರ ಎಲ್ಲರೂ ಮರೆತಿದ್ದಾರೆ. ಷಿಯಾಂಗ್ ಯು ಹಟ ಮಾಡಿದ, ಹಾನ್ ಶಿನ್ ಲೆಕ್ಕ ಹಾಕಿದ. ಎರಡನ್ನೂ ಒಂದೇ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಮಡಕೆ ಒಡೆಸಿದ ಷಿಯಾಂಗ್ ಯು ಆಮೇಲೆ ಏನಾದ?

ಐದೇ ವರ್ಷದಲ್ಲಿ ಇನ್ನೊಂದು ಚೆಂಗ್‌ಯು ಆದ. ಈ ಸಲ ಸೋತು.

ಕ್ರಿ.ಪೂ. 202, ಗಾಯ್‌ಶಿಯಾ. ಹಾನ್ ಸೈನ್ಯ ಅವನನ್ನು ಸುತ್ತುವರಿದಿತ್ತು. ಬುತ್ತಿ ಮುಗಿದಿತ್ತು. ರಾತ್ರಿ ನಾಲ್ಕೂ ದಿಕ್ಕಿನಿಂದ ಹಾಡು ಕೇಳಿಸಿತು. ಅದು ತನ್ನದೇ ಊರಿನ, ಚು ನಾಡಿನ ಹಾಡು. ‘ಹಾನ್‌ನವರು ಚು ನಾಡನ್ನು ಆಗಲೇ ಗೆದ್ದುಬಿಟ್ಟರಾ? ಅವರ ಕಡೆ ನಮ್ಮವರು ಇಷ್ಟು ಜನ ಹೇಗೆ?’ ಅಂತ ಅವನು ಬೆಚ್ಚಿಬಿದ್ದ. ಬೆಳಗಾಗುವ ಮೊದಲೇ ಕೆಲವರನ್ನು ಕರೆದುಕೊಂಡು ಹೊರಬಿದ್ದ. ಕೊನೆಗೆ ವೂ ನದಿಯ ದಡದಲ್ಲಿ ದೋಣಿ ಕಾದಿತ್ತು. ಊರಿಗೆ ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ಹತ್ತಲಿಲ್ಲ. ದೋಣಿಗಳನ್ನು ಮುಳುಗಿಸಿ ಹೆಸರಾದವನು ಕೊನೆಗೆ ಸಿಕ್ಕ ದೋಣಿಯನ್ನೂ ಬಿಟ್ಟು ಅಲ್ಲೇ ಪ್ರಾಣ ಕಳೆದುಕೊಂಡ.

ಸ ಮ್ಯೆನ್ ಚು ಗ, ‘ನಾಲ್ಕು ಕಡೆ ಚು ಹಾಡು’. ಎಲ್ಲರೂ ಕೈಬಿಟ್ಟ, ಎಲ್ಲ ದಾರಿ ಮುಚ್ಚಿದ ಸ್ಥಿತಿಗೆ ಈ ಮಾತು. ಅದನ್ನು ಓದಿದಾಗ ನನಗೆ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ನೆನಪಾದ. ಕೆಟ್ಟವನೋ ಒಳ್ಳೆಯವನೋ ಅನ್ನುವ ಲೆಕ್ಕ ಬಿಟ್ಟು ಒಂದು ಗಳಿಗೆ ಅಯ್ಯೋ ಅನ್ನಿಸುವ ಜಾಗ ಅದು.

ಬರೀ ಬಾಯಲ್ಲಿ ಯುದ್ಧ ಮಾಡುವವರಿಗೆ ಏನಂತಾರೆ?

ಜ ಶಾಂಗ್ ತಾನ್ ಬಿಂಗ್. ಕಾಗದದ ಮೇಲೆ ಯುದ್ಧದ ಮಾತಾಡುವುದು. ನಮ್ಮ ‘ಉತ್ತರನ ಪೌರುಷ ಒಲೆ ಮುಂದೆ’ಗೆ ಹತ್ತಿರ. ಆದರೆ ಉತ್ತರ ಹೆದರುಪುಕ್ಕಲ. ಈ ಕಥೆಯ ಜಾವ್ ಕ್ವೊ ಹೆದರಿದವನಲ್ಲ, ಓದಿದವನು. ಅಪ್ಪ ದೊಡ್ಡ ಸೇನಾಪತಿ. ವಾದಕ್ಕೆ ಕುಳಿತರೆ ಅಪ್ಪನೂ ಮಗನನ್ನು ಸೋಲಿಸಲಾರದಷ್ಟು ಶಾಸ್ತ್ರ ಬಲ್ಲವನು. ಅಪ್ಪ ಮಾತ್ರ ‘ಯುದ್ಧ ಅಂದರೆ ಸಾವಿನ ಜಾಗ, ಇವನು ಅದನ್ನು ಹಗುರವಾಗಿ ಮಾತಾಡುತ್ತಾನೆ’ ಅಂದಿದ್ದನಂತೆ.

ಕ್ರಿ.ಪೂ. 260ರಲ್ಲಿ ಜಾವ್ ರಾಜ ಅನುಭವಿ ಸೇನಾಪತಿಯನ್ನು ತೆಗೆದು ಇವನನ್ನು ಚಾಂಗ್‌ಪಿಂಗ್‌ಗೆ ಕಳಿಸಲು ಹೊರಟ. ಆಗ ತಾಯಿಯೇ ರಾಜನಿಗೆ ಓಲೆ ಬರೆದು ಬೇಡ ಅಂದಳು. ರಾಜ ಕೇಳಲಿಲ್ಲ. ‘ಹಾಗಾದರೆ ಅವನು ಸೋತರೆ ನನಗೆ ಶಿಕ್ಷೆ ಕೊಡಬಾರದು’ ಅಂತ ಮಾತು ತೆಗೆದುಕೊಂಡಳು. ಎಂಥ ತಾಯಿ! ಮಗ ಸೋತ, ಸತ್ತ. ಸಿಮಾ ಚ್ಯೆನ್ ಹೇಳುವಂತೆ 4,00,000ಕ್ಕೂ ಹೆಚ್ಚು ಸೈನಿಕರು ಸತ್ತರು. ಶರಣಾದವರನ್ನು ಹೂಳಿಬಿಟ್ಟರು. ತಾಯಿ ಉಳಿದುಕೊಂಡಳು.

ಇಲ್ಲೊಂದು ತಮಾಷೆ ಇದೆ. ಜಾವ್ ಕ್ವೊ ಕಾಲದಲ್ಲಿ ಬರೆಯುವ ಕಾಗದವೇ ಬಂದಿರಲಿಲ್ಲ. ಬರೆಯುತ್ತಿದ್ದದ್ದು ಬಿದಿರಿನ ಪಟ್ಟಿಗಳ ಮೇಲೆ. ಅಂದರೆ ಕಥೆ ಹಳೆಯದು, ನಾಲ್ಕು ಅಕ್ಷರದ ಮಾತು ಬಹಳ ಆಮೇಲಿನದು.

ಒಂದೇ ಯುದ್ಧದಿಂದ ಹಲವು ಮಾತು ಹುಟ್ಟಿದ್ದುಂಟಾ?

ಉಂಟು. ಕ್ರಿ.ಶ. 383ರ ಫೇ ನದಿಯ ಯುದ್ಧ ಒಂದೇ ಮೂರು ಕೊಟ್ಟಿದೆ. ಉತ್ತರದ ರಾಜ ಫು ಜ್ಯೆನ್ ಭಾರೀ ಸೈನ್ಯ ಕಟ್ಟಿಕೊಂಡು ದಕ್ಷಿಣದ ಜಿನ್ ರಾಜ್ಯದ ಮೇಲೆ ಹೊರಟ. ಮಧ್ಯೆ ದೊಡ್ಡ ನದಿ ಇದೆ ಅಂತ ಮಂತ್ರಿಗಳು ಹೇಳಿದರೆ, ‘ನನ್ನ ಸೈನಿಕರು ತಮ್ಮ ಚಾವಟಿ ಎಸೆದರೆ ಸಾಕು, ಹೊಳೆ ನಿಲ್ಲುತ್ತದೆ’ ಅಂದ. ಅದು ಮೊದಲನೆಯದು, ತೋ ಬ್ಯೆನ್ ದ್ವಾನ್ ಲ್ಯೂ. ಮೊದಲ ಪೆಟ್ಟು ಬಿದ್ದ ಮೇಲೆ ಎದುರಿನ ಗುಡ್ಡ ನೋಡಿದರೆ ಹುಲ್ಲು, ಮರ ಎಲ್ಲ ಸೈನಿಕರ ಹಾಗೆ ಕಂಡವು. ಅದು ಎರಡನೆಯದು, ತ್ಸಾವ್ ಮು ಜ್ಯೆ ಬಿಂಗ್. ಕೊನೆಗೆ ಅವನ ಸೈನ್ಯ ದಿಕ್ಕಾಪಾಲಾಗಿ ಓಡುವಾಗ ಗಾಳಿಯ ಸದ್ದು, ಕೊಕ್ಕರೆಗಳ ಕೂಗು ಕೂಡ ಶತ್ರು ಬಂದಂತೆ ಕೇಳಿಸಿತು. ಮೂರನೆಯದು, ಫೆಂಗ್ ಶೆಂಗ್ ಹ ಲಿ.

ಜಂಬ, ಅನುಮಾನ, ಓಟ. ಹಗ್ಗ ಹಾವಾಗಿ ಕಾಣುತ್ತದೆ ಅಂತ ನಾವು ಹೇಳುವುದನ್ನು ಅವರು ಇಡೀ ಗುಡ್ಡಕ್ಕೇ ಹಿಗ್ಗಿಸಿದ್ದಾರೆ.

ಹಿಂದೆ ಸರಿಯುವುದಕ್ಕೂ ಮಾತು ಇದೆಯಾ?

ಬೇಕಾದಷ್ಟು. ತ್ವೇ ಬಿ ಸಾನ್ ಶ ಅಂದರೆ ಮೂರು ‘ಶ’ ಹಿಂದೆ ಸರಿಯುವುದು. ಒಂದು ‘ಶ’ 30 ಲಿ (‘ಲಿ’ ಅನ್ನುವುದು ದೂರದ ಚೀನೀ ಅಳತೆ), ಸೈನ್ಯದ ಒಂದು ದಿನದ ನಡಿಗೆ. ಜಿನ್ ರಾಜಕುಮಾರನೊಬ್ಬ ದೇಶಭ್ರಷ್ಟನಾಗಿದ್ದಾಗ ಚು ರಾಜ ಅನ್ನ ಹಾಕಿದ್ದ. ‘ಮುಂದೆ ಎದುರಾದರೆ ಮೂರು ಶ ಹಿಂದೆ ಹೋಗುತ್ತೇನೆ’ ಅಂತ ಅವನು ಮಾತು ಕೊಟ್ಟಿದ್ದ. ಕ್ರಿ.ಪೂ. 632ರಲ್ಲಿ ಚೆಂಗ್‌ಪು ಯುದ್ಧದಲ್ಲಿ ಹಾಗೇ ಮಾಡಿದ. ಆಮೇಲೆ ಗೆದ್ದ ಕೂಡ. ಈಗ ಜಗಳಗಂಟ ನೆಂಟರನ್ನು ಕಂಡರೆ ದೂರ ಹೋಗುವುದಕ್ಕೆ ಬಳಸುತ್ತಾರೆ.

ಇನ್ನೊಂದು ಇನ್ನೂ ನೇರ. ಮೂವತ್ತಾರು ಉಪಾಯಗಳಲ್ಲಿ ಓಡುವುದೇ ಮೇಲು, ‘ಜೋ ವೇ ಶಾಂಗ್ ಜಿ’. ಬದುಕಿದೆಯಾ ಬಡಜೀವವೇ ಅಂತ ನಾವು ಓಡಿದ ಮೇಲೆ ಹೇಳುತ್ತೇವೆ. ಅವರು ಅದನ್ನು ಓಡುವ ಮೊದಲೇ ಯುದ್ಧತಂತ್ರದ ಪಟ್ಟಿಗೆ ಸೇರಿಸಿದ್ದಾರೆ.

ದಿನ ಬಳಸುವ ಸಾಮಾನ್ಯ ಪದಗಳಲ್ಲೂ ಯುದ್ಧ ಇದೆಯಾ?

ಇದೆ, ಅದೂ ಗೊತ್ತಾಗದ ಹಾಗೆ. ‘ಮಾವ್‌ದುನ್’ ಅಂದರೆ ವಿರೋಧಾಭಾಸ, ಒಂದಕ್ಕೊಂದು ತಾಳೆಯಾಗದ್ದು. ಅಕ್ಷರಕ್ಕೆ ಅಕ್ಷರ ನೋಡಿದರೆ ‘ಈಟಿ-ಗುರಾಣಿ’. ಸಂತೆಯಲ್ಲಿ ಒಬ್ಬ ‘ನನ್ನ ಗುರಾಣಿಯನ್ನು ಯಾವುದೂ ತೂರಲಾರದು’ ಅಂದ. ಮರುಕ್ಷಣ ‘ನನ್ನ ಈಟಿ ಯಾವುದನ್ನಾದರೂ ತೂರುತ್ತದೆ’ ಅಂದ. ‘ನಿನ್ನ ಈಟಿಯಿಂದ ನಿನ್ನ ಗುರಾಣಿಗೇ ತಿವಿದರೆ?’ ಅಂತ ಯಾರೋ ಕೇಳಿದರು. ಅವನ ಬಾಯಿ ಕಟ್ಟಿತು. ಹಾನ್ ಫೇ ಅನ್ನುವ ಹಳೆಯ ಚಿಂತಕ ಹೇಳಿದ ಕಥೆ ಇದು.

ಮೆಂಗ್ ತ್ಸ ಅನ್ನುವ ಇನ್ನೊಬ್ಬ ಗುರು ರಾಜನಿಗೆ ಹೇಳಿದ್ದು: ಯುದ್ಧದಿಂದ ಐವತ್ತು ಹೆಜ್ಜೆ ಓಡಿದವನು ನೂರು ಹೆಜ್ಜೆ ಓಡಿದವನನ್ನು ನೋಡಿ ನಕ್ಕ. ನಮ್ಮಲ್ಲಿ ಇದು ಊಟದ ಪಂಕ್ತಿಗೆ ಬಂದಿದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸಿದನಂತೆ.

‘ದಾ’ ಅಂದರೆ ಹೊಡೆ ಅಂತ ಓದಿದೆ. ಆದರೆ ಎಲ್ಲದಕ್ಕೂ ಅದನ್ನೇ ಹೇಳುತ್ತಾರಲ್ಲ?

ಕನ್ನಡದವರು ಈ ಪ್ರಶ್ನೆ ಕೇಳಬಾರದು! ನಾವು ಫೋನ್ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ. ಅವರೂ ಹಾಗೇ. ಯುದ್ಧ ಮಾಡುವುದು ‘ದಾ ಜಾಂಗ್’, ಫೋನ್ ಮಾಡುವುದು ‘ದಾ ದ್ಯೆನ್‌ಹ್ವಾ’, ಟ್ಯಾಕ್ಸಿ ಹಿಡಿಯುವುದು ‘ದಾ ಚ’. ಕೊಡೆ ಹಿಡಿಯುವುದಕ್ಕೂ, ಸ್ವೆಟರ್ ಹೆಣೆಯುವುದಕ್ಕೂ ‘ದಾ’. ಗೊರಕೆ ಹೊಡೆಯುವುದಂತೂ ‘ದಾ ಹುಲು’, ಅಕ್ಷರಶಃ ನಮ್ಮದೇ. ಇಂಗ್ಲಿಷ್ ಮೂಲಕ ಚೀನೀ ಕಲಿಯುವವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಕನ್ನಡದ ಮೂಲಕ ಹೋದರೆ ಒಂದು ಸಂಜೆ ಸಾಕು.

‘ಶತ್ರುವನ್ನು, ನಿನ್ನನ್ನು ಅರಿತರೆ ನೂರು ಯುದ್ಧ ಗೆಲ್ಲುವೆ’ ಅಂತ ಸುನ್ ತ್ಸ ಹೇಳಿದ್ದು ನಿಜವಾ?

ಅರ್ಧ ನಿಜ. ಸುನ್ ತ್ಸ ಅಂದರೆ ಯುದ್ಧಕಲೆಯ ಹಳೆಯ ಪುಸ್ತಕಕ್ಕೆ ಹೆಸರಾದ ಚೀನೀ ಗುರು. ಆ ಪುಸ್ತಕದಲ್ಲಿ ಅವನ ಮಾತು ‘ಬಾಯ್ ಜಾನ್ ಬು ದಾಯ್’, ಅಂದರೆ ನೂರು ಯುದ್ಧಕ್ಕೆ ಹೋದರೂ ಅಪಾಯ ಇಲ್ಲ. ಗೆಲುವಿನ ಭರವಸೆ ಅಲ್ಲಿ ಇಲ್ಲ. ನೂರಕ್ಕೆ ನೂರು ಗೆಲ್ಲುವ ಮಾತು ಅದೇ ಅಧ್ಯಾಯದಲ್ಲಿ ಬೇರೆ ಕಡೆ ಬರುತ್ತದೆ. ಅಲ್ಲಿ ಅವನು ಹೇಳುವುದು, ಅದು ಅತ್ಯುತ್ತಮ ಅಲ್ಲ, ಯುದ್ಧವೇ ಮಾಡದೆ ಎದುರಾಳಿಯನ್ನು ಮಣಿಸುವುದು ಅತ್ಯುತ್ತಮ ಅಂತ. ಜನ ಎರಡನ್ನೂ ಕಲಸಿ ಆಫೀಸಿನ ಗೋಡೆಗೆ ಅಂಟಿಸುತ್ತಾರೆ. ಚೀನಾದಲ್ಲೂ ಅಂಟಿಸುತ್ತಾರೆ.

ಈಗಿನ ಹುಡುಗರೂ ಇದನ್ನೆಲ್ಲ ಬಳಸುತ್ತಾರಾ?

ಪರೀಕ್ಷೆ ಸಮಯದಲ್ಲಿ ನೋಡಬೇಕು. ಕಾಲೇಜು ಪ್ರವೇಶದ ‘ಗಾವ್‌ಕಾವ್’ ಪರೀಕ್ಷೆ ಜೂನ್‌ನಲ್ಲಿ. ನೂರು ದಿನ ಮುಂಚೆ ಎಷ್ಟೋ ಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಮಾಡಿಸುತ್ತಾರೆ. ಆ ಸಭೆಯ ಹೆಸರೇ ಹಿಂದೆ ಸೈನ್ಯ ಹೊರಡುವ ಮೊದಲು ಮಾಡುತ್ತಿದ್ದ ಪ್ರತಿಜ್ಞೆಯದು. ಪರೀಕ್ಷೆಯ ದಿನ ಅಮ್ಮಂದಿರು ‘ಚಿಪಾವ್’ ಉಟ್ಟು ಗೇಟಿನ ಹತ್ತಿರ ನಿಲ್ಲುತ್ತಾರೆ. ‘ಚಿ ಕಾಯ್ ದ ಶೆಂಗ್’, ಬಾವುಟ ಬಿಚ್ಚಿದ ಕೂಡಲೇ ಗೆಲುವು, ಅನ್ನುವ ಮಾತಿನ ‘ಚಿ’ ಮತ್ತು ಉಡುಪಿನ ‘ಚಿ’ ಒಂದೇ ಅಕ್ಷರ. ಆ ಉಡುಪಿಗೆ ಹೆಸರು ಬಂದದ್ದೂ ಮಂಚು ಸೈನ್ಯದ ಬಾವುಟದ ದಳಗಳಿಂದಲೇ.

ಹೊಸ ಮಾತುಗಳೂ ಇವೆ. ಕೆಟ್ಟ ಹೋಟೆಲಿಗೆ ಹೋಗಿ ದುಡ್ಡು ಕಳೆದುಕೊಂಡರೆ ‘ತ್ಸಾಯ್ ಲೇ’, ನೆಲಬಾಂಬ್ ತುಳಿದೆ ಅಂತ. ‘ಶಾನ್‌ಜಾಯ್’ ಅಂದರೆ ದರೋಡೆಕೋರರ ಬೆಟ್ಟದ ಕೋಟೆ. ದೊಡ್ಡ ಕಂಪನಿಗಳ ಫೋನ್ ನಕಲು ಮಾಡಿದ ಮಾಲಿಗೆ ಆ ಹೆಸರು ಬಂತು. ನಮ್ಮ ಊರಿನ ಜಾತ್ರೆಯಲ್ಲೆಲ್ಲ ಕಿವಿ ಕಿತ್ತುಹೋಗುವಂತೆ ಹಾಡುತ್ತಿದ್ದ ‘ಚೈನಾ ಸೆಟ್’ ನೆನಪಿದೆಯಲ್ಲ, ಅದೇ.

ಚೀನೀ ಚದುರಂಗದಲ್ಲೂ ಈ ಕಥೆ ಇದೆ ಅಂತಾರಲ್ಲ?

ಮಣೆಯ ನಡುವೆ ಒಂದು ನದಿ ಇದೆ. ಅದರ ಮೇಲೆ ‘ಚು ನದಿ, ಹಾನ್ ಗಡಿ’ ಅಂತ ಬರೆದಿರುತ್ತದೆ. ಷಿಯಾಂಗ್ ಯು ಸೋತು 2,200 ವರ್ಷ ಕಳೆದರೂ ಪಾರ್ಕಿನಲ್ಲಿ ಮುದುಕರು ದಿನಾ ಅವನ ಯುದ್ಧವನ್ನು ಮತ್ತೆ ಆಡುತ್ತಿದ್ದಾರೆ. ಆಟದಿಂದ ಬಂದ ಒಂದು ಮಾತು ‘ಮಾ ಹೋ ಪಾವ್’, ಕುದುರೆ ಹಿಂದಿನ ಫಿರಂಗಿ. ಆಟದಲ್ಲಿ ಅದು ಒಳ್ಳೆಯ ಪಟ್ಟು. ಮಾತಿನಲ್ಲಿ ಮಾತ್ರ ಎಲ್ಲ ಮುಗಿದ ಮೇಲೆ ‘ನಾನು ಆಗಲೇ ಹೇಳಿದ್ದೆ’ ಅನ್ನುವವರಿಗೆ ಬೈಗುಳ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತೀವಲ್ಲ, ಹಾಗೆ.

ಒಂದೇ ಒಂದು ಕಲಿಯಬೇಕು ಅಂದರೆ ಯಾವುದು?

‘ಶ್ವೊ ತ್ಸಾವ್ ತ್ಸಾವ್, ತ್ಸಾವ್ ತ್ಸಾವ್ ದಾವ್.’ ತ್ಸಾವ್ ತ್ಸಾವ್ ಹೆಸರು ಎತ್ತಿದರೆ ತ್ಸಾವ್ ತ್ಸಾವ್ ಬಂದೇಬಿಟ್ಟ. ಅವನು ಮೂರು ರಾಜ್ಯಗಳ ಕಥೆಯ ಮಹಾ ಚಾಣಾಕ್ಷ ಸೇನಾಪತಿ. ಬಾಯಾರಿ ಕಂಗೆಟ್ಟ ಸೈನಿಕರಿಗೆ ‘ಮುಂದೆ ಹುಳಿ ಹಣ್ಣಿನ ತೋಪು ಇದೆ’ ಅಂತ ಹೇಳಿ, ಬಾಯಲ್ಲಿ ನೀರೂರಿಸಿ ನಡೆಸಿದವನು ಇವನೇ. ಯಾರ ಬಗ್ಗೆಯೋ ಮಾತಾಡುವಾಗ ಅವರೇ ಬಂದರೆ ನಾವು ‘ನಿಮಗೆ ನೂರು ವರ್ಷ ಆಯಸ್ಸು’ ಅಂತೀವಿ. ಅಲ್ಲಿ ಈ ಮಾತು ಹೇಳಿ, ಎಲ್ಲರೂ ನಗುತ್ತಾರೆ.

ಒಂದೇ ಎಚ್ಚರಿಕೆ. ಮೊದಲ ‘ತ್ಸಾವ್’ ಏರು ದನಿ, ಎರಡನೆಯದು ಎತ್ತರದಲ್ಲಿ ಸಮ. ದನಿ ಜೋರಾಗಿ ಕೆಳಗೆ ಬಿದ್ದರೆ ಅದು ಚೀನೀಯರ ಅತಿ ಹೊಲಸು ಬೈಗುಳ. ನಾನು ಒಮ್ಮೆ ಹಿರಿಯರೊಬ್ಬರು ಒಳಗೆ ಬಂದಾಗ ಹೀಗೇ ಹೇಳಿ, ಇಡೀ ಕೋಣೆ ಒಂದು ಗಳಿಗೆ ತಣ್ಣಗಾಗಿತ್ತು. ಆಮೇಲೆ ಅವರೇ ಮೊದಲು ನಕ್ಕರು.